ಆ ಕೋಚ್ ಬಗ್ಗೆ ನಾನು ತಂದ ಸುದ್ದಿ

ಮೂಡಲಗಿಯ ಒಬ್ಬ ಹುಡುಗಿ ಬಾಸ್ಕೆಟ್‌ಬಾಲ್ ಆಡುವುದನ್ನು ಬಿಟ್ಟಿದ್ದಾಳೆ. ಬಿಡುವಂತೆ ಮಾಡಿದವನು ನಾನು. ಇದನ್ನು ಅವಳ ತಂದೆಯ ಮುಂದೆ ಒಪ್ಪಿಕೊಂಡಿದ್ದೇನೆ, ಅವಳ ಮುಂದೆಯೂ ಒಪ್ಪಿಕೊಂಡಿದ್ದೇನೆ. ಅದರಿಂದ ಯಾವುದೂ ನೆಟ್ಟಗಾಗಲಿಲ್ಲ. ಈ ವಯಸ್ಸಿನಲ್ಲಿ ಬರೆದಿಟ್ಟರೆ ನೆಟ್ಟಗಾದೀತು ಎಂಬ ಆಸೆಯೂ ನನಗಿಲ್ಲ. ಆದರೆ ಒಬ್ಬ ಹೆಣ್ಣುಮಗಳ ಬಗ್ಗೆ ನಾನು ಆಡಿದ ಮಾತು ನಮ್ಮ ಕಡೆ ನಾಲ್ಕಾರು ಮನೆಗಳಲ್ಲಿ ಈಗಲೂ ಓಡಾಡುತ್ತಿದೆ. ಅದು ಎಲ್ಲಿ ಹುಟ್ಟಿತು ಎಂದು ಹುಟ್ಟಿಸಿದವನೇ ಹೇಳಬೇಕು.

ನಾನು ಓದಿದ್ದು ಎಸ್‌ಎಸ್‌ಎಲ್‌ಸಿವರೆಗೆ. ಗೋಕಾಕದ ಒಂದು ಹೈಸ್ಕೂಲಿನಲ್ಲಿ ಜವಾನನಾಗಿ ಸೇರಿ, ಆಮೇಲೆ ಗುಮಾಸ್ತನಾಗಿ, ಅಲ್ಲಿಯೇ ನಿವೃತ್ತನಾದೆ. ಶಾಲೆಯ ಹಿಂದೆ ಒಂದು ಸಿಮೆಂಟಿನ ಅಂಕಣವಿತ್ತು, ಎರಡು ತುದಿಗೆ ಎರಡು ಕಬ್ಬಿಣದ ಬಳೆ. ನಮ್ಮ ಡ್ರಿಲ್ ಮಾಸ್ತರರು ಬಾಸ್ಕೆಟ್‌ಬಾಲ್ ಹುಚ್ಚಿನವರು. ನನ್ನ ಅಕ್ಷರ ದುಂಡಗಿದೆ ಎಂದು ಅವರು ಪಂದ್ಯದ ಲೆಕ್ಕ ಬರೆಯುವುದನ್ನು ನನಗೆ ಕಲಿಸಿದರು. ಯಾರು ಬುಟ್ಟಿ ಹಾಕಿದರು, ಎರಡೋ ಮೂರೋ, ಯಾರಿಗೆ ಎಷ್ಟು ಫೌಲ್, ಎಲ್ಲವೂ ಒಂದೇ ಹಾಳೆಯಲ್ಲಿ ಇರಬೇಕು. ಕಬಡ್ಡಿ ಮತ್ತು ಕುಸ್ತಿಯ ಈ ಸೀಮೆಯಲ್ಲಿ ಆ ಹಾಳೆ ತುಂಬಲು ಬರುವವನು ನಾನೊಬ್ಬನೇ ಎಂದು ಹೆಸರಾಯಿತು. ಹುಕ್ಕೇರಿಯಲ್ಲಿ ಪಂದ್ಯವಿರಲಿ, ಘಟಪ್ರಭಾದಲ್ಲಿರಲಿ, ಜೀಪು ಕಳಿಸಿ ನನ್ನನ್ನು ಕರೆಸುತ್ತಿದ್ದರು. ಜವಾನನಾಗಿ ನಾನು ಚಹಾ ತಂದುಕೊಡುತ್ತಿದ್ದ ಜನರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂರುವ ಸುಖ ಅದೊಂದೇ ಜಾಗದಲ್ಲಿ ನನಗೆ ಸಿಕ್ಕಿತು.

ಆ ದಿನಗಳಲ್ಲಿ ನಮ್ಮ ಶಾಲೆಯ ಹೆಣ್ಣುಮಕ್ಕಳ ತಂಡಕ್ಕೆ ಹುಕ್ಕೇರಿಯ ಒಂದು ಹುಡುಗಿ ನಾಯಕಿಯಾಗಿದ್ದಳು. ಸೋದರತ್ತೆಯ ಮನೆಯಲ್ಲಿದ್ದು ಗೋಕಾಕದಲ್ಲಿ ಓದುತ್ತಿದ್ದಳು. ಒಂದು ವರ್ಷ ಫೈನಲ್ ಪಂದ್ಯ ನಮ್ಮ ಅಂಕಣದಲ್ಲೇ ನಡೆಯಿತು. ದೊಡ್ಡ ಅತಿಥಿಗಳು ಬಂದಿದ್ದರು. ಕೊನೆಯ ಐದು ನಿಮಿಷ ಇರುವಾಗ ಆ ಹುಡುಗಿ ಆಟ ನಿಲ್ಲಿಸಲು ಹೇಳಿ ನನ್ನ ಮೇಜಿನ ಹತ್ತಿರ ಬಂದಳು.

"ಕಾಕಾ, ನಮಗ ಎರಡು ಪಾಯಿಂಟ್ ಹೆಚ್ಚಿಗಿ ಬರದೀರಿ. ಆ ಬುಟ್ಟಿ ಅವರದ್ರಿ."

"ನೀ ಆಡಾಕ ಹೋಗವ್ವಾ, ಬರಿಯೂದು ನನ್ನ ಕೆಲಸ," ಎಂದೆ.

ಅವಳು ಹೋಗಲಿಲ್ಲ. ಆಟ ಆಡಿಸುತ್ತಿದ್ದ ಪಂಚರನ್ನು ಕರೆದಳು. ಅವರು ಹಾಳೆ ತಿರುವಿ ನೋಡಿದರು, ಎದುರು ತಂಡದವರನ್ನು ಕೇಳಿದರು. ಅವಳು ಹೇಳಿದ್ದು ಖರೆ ಇತ್ತು. ಎರಡು ಅಂಕ ಹೊಡೆದು ಹಾಕಿ ಅವರ ಕಡೆ ಬರೆಯಬೇಕಾಯಿತು. ಅತಿಥಿಗಳಲ್ಲೊಬ್ಬರು ನಕ್ಕು, "ಗುಮಾಸ್ತರ, ಕಣ್ಣಿಗೆ ಚಾಳೀಸು ಹಚ್ಕೊಳ್ಳೂ ವಯಸ್ಸಾತು ನೋಡ್ರಿ," ಎಂದರು. ನಮ್ಮ ಶಾಲೆ ಮೂರು ಅಂಕಗಳಿಂದ ಸೋತಿತು. ಆ ಎರಡು ಅಂಕ ನಮ್ಮಿಂದ ಹೋಗಿ ಅವರಿಗೆ ಸೇರದಿದ್ದರೆ ನಾವೇ ಒಂದು ಅಂಕದಿಂದ ಗೆಲ್ಲುತ್ತಿದ್ದೆವು. ವರ್ಷಪೂರ್ತಿ ಸ್ಟಾಫ್ ರೂಮಿನಲ್ಲಿ ನನ್ನನ್ನು ಕಂಡರೆ ಸಾಕು, "ಎರಡು ಹೆಚ್ಚಿಗಿ ಬರೀರಿ" ಎನ್ನುತ್ತಿದ್ದರು. ಚಹಾದ ಕಪ್ಪಿನ ಲೆಕ್ಕಕ್ಕೂ ಅದೇ ಚೇಷ್ಟೆ.

ಹದಿನಾರು ವರ್ಷದ ಹುಡುಗಿ ತನ್ನ ತಂಡ ಸೋಲುತ್ತದೆಂದು ಗೊತ್ತಿದ್ದೂ ಬಂದು ಹೇಳಿದಳಲ್ಲ, ಎಂಥ ಹೆಣ್ಣುಮಗಳು ಎಂದು ನನಗೆ ಅಂದೇ ತಿಳಿಯಬೇಕಿತ್ತು. ನನಗೆ ಆ ಅತಿಥಿಯ ನಗು ಮಾತ್ರ ನೆನಪುಳಿಯಿತು.

ಆ ಹುಡುಗಿ ದೊಡ್ಡ ಆಟಗಾರ್ತಿಯಾದಳು. ಆಟ ಮುಗಿದ ಮೇಲೆ ತರಬೇತಿ ಕೊಡುವವಳಾದಳು. ಈಚೆಗೆ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲಿನಲ್ಲೂ ಪಗಾರ ಕೊಟ್ಟು ಆಡಿಸುವ ತಂಡಗಳು ಬಂದಿವೆ. ದೂರದ ಒಂದು ನಗರದಲ್ಲಿ ಅಂಥ ತಂಡಕ್ಕೆ ಅವಳು ಕೋಚ್ ಆದಳು ಎಂದು ಪೇಪರಿನಲ್ಲಿ ಓದಿದೆ. ಫೋಟೋದಲ್ಲಿ ಕೂದಲು ಗಿಡ್ಡ, ಮುಖ ಗಂಟು. "ನಮ್ಮ ಸಾಲ್ಯಾಗ ಕಲ್ತಾಕಿ," ಎಂದು ಕಟ್ಟೆಯ ಮೇಲೆ ಎಲ್ಲರಿಗೂ ತೋರಿಸಿದವನೂ ನಾನೇ. ಪೇಪರ್ ಮಡಚುವಾಗ ಮಾತ್ರ ಆ ಫೋಟೋ ಒಳಗೆ ಹೋಗುವಂತೆ ಮಡಚಿದೆ.

ಇನ್ನು ಮೂಡಲಗಿಯ ಹುಡುಗಿಯ ವಿಷಯ. ಅವಳ ಅಜ್ಜ ನನ್ನ ಹೈಸ್ಕೂಲಿನ ಜೊತೆಗಾರ, ತೀರಿಕೊಂಡು ಬಹಳ ವರ್ಷವಾಯಿತು. ಜೈನರ ಮನೆತನ, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ; ಹೊಲವಿದೆ, ಅವಳ ತಂದೆಗೆ ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ. ಹುಡುಗಿ ಹತ್ತನೆಯ ಇಯತ್ತೆಗೆ ಬರುವಷ್ಟರಲ್ಲಿ ಅವರಪ್ಪನಿಗಿಂತ ಗೇಣು ಎತ್ತರ ಬೆಳೆದಿದ್ದಳು. ರಜೆಯಲ್ಲಿ ಗೋಕಾಕಕ್ಕೆ ಬಂದು ನಮ್ಮ ಹಳೆಯ ಅಂಕಣದಲ್ಲಿ ಚೆಂಡು ಬಡಿಯುವಳು. ನಾನು ಕಲ್ಲುಬೆಂಚಿನ ಮೇಲೆ ಕೂತು ಎಣಿಸುವೆ. ಕಾಲೇಜಿನಲ್ಲಿ ಯುನಿವರ್ಸಿಟಿ ತಂಡಕ್ಕೆ ಆಡಿದಳು. ಹತ್ತೊಂಬತ್ತು ತುಂಬಿದ ವರ್ಷ ಯಾವುದೋ ಪಂದ್ಯದಲ್ಲಿ ಅವಳನ್ನು ಕಂಡ ಆ ಕೋಚ್, ತಂದೆಗೆ ತಾನೇ ಫೋನ್ ಮಾಡಿ, ಹುಡುಗಿಯನ್ನು ತಂಡಕ್ಕೆ ಕಳಿಸಿ ಎಂದಳು. ಎರಡು ತಿಂಗಳೊಳಗೆ ಹೇಳಬೇಕು, ಆಮೇಲೆ ಜಾಗ ತುಂಬುತ್ತದೆ ಎಂದೂ ಹೇಳಿದ್ದಳು.

ನಮ್ಮ ಕಡೆ ಹೆಣ್ಣುಮಗಳನ್ನು ಒಂದು ಮನೆಗೆ ಕೊಡುವ ಮೊದಲು ವಿಚಾರಿಸಲು ಹೋಗುವ ಪದ್ಧತಿ ಇದೆ. ಗೊತ್ತಿಲ್ಲದವನ ಹಾಗೆ ಆ ಊರಿಗೆ ಹೋಗಿ, ಚಹಾದಂಗಡಿಯಲ್ಲಿ ಕೂತು, ಅತ್ತೆ ಹೇಗೆ, ಮಾವ ಹೇಗೆ, ಬೇರೆ ಸೊಸೆಯಂದಿರು ಚೆನ್ನಾಗಿದ್ದಾರೆಯೇ ಎಂದು ನಾಲ್ಕು ಬಾಯಿಂದ ಕೇಳಿ ಬರುವುದು. ಬಂದು ಹೇಳಿದವರ ಮಾತಿನ ಮೇಲೆ ಸಂಬಂಧ ನಿಲ್ಲುತ್ತದೆ, ಇಲ್ಲವೇ ಮುರಿಯುತ್ತದೆ. ಹುಡುಗಿಯ ತಂದೆ ನನ್ನನ್ನು ಅಂಗಡಿಗೆ ಕರೆಸಿ ಅದೇ ಕೆಲಸ ಒಪ್ಪಿಸಿದ.

"ಪೇಪರಿನ್ಯಾಗ ಎಲ್ಲಾರೂ ಆಕೀನ್ನ ಹೊಗಳ್ತಾರ ಕಾಕಾ. ಹೊಗಳಾಕ ತಕ್ಕಾಕಿ ಹೌದೋ ಅಲ್ಲೋ, ನೀವು ನೋಡಿ ಹೇಳ್ರಿ. ಆಟ ಗೊತ್ತಿದ್ದಾವರು ನೀವ ಒಬ್ಬರು. ಆಕಿ ಗುಣ ಹೆಂಗ, ಹುಡುಗ್ಯಾರ್ನ ಹೆಂಗ ನೋಡ್ಕೋತಾಳ, ಹೊತ್ತು ಮುಳುಗೂದರಾಗ ನಮ್ಮ ಹುಡುಗಿಗೆ ಊಟ ಸಿಗತೈತೋ ಇಲ್ಲೋ. ನೀವು ಹೂಂ ಅಂದ್ರ ಕಳಸ್ತೇನಿ, ಊಂಹೂಂ ಅಂದ್ರ ಇಲ್ಲ."

ಬಾಗಿಲ ಹತ್ತಿರ ಗೊಬ್ಬರದ ಚೀಲದ ಮೇಲೆ ಹುಡುಗಿ ಕೂತಿದ್ದಳು. "ಅಜ್ಜಾ, ಲಗೂನ ಹೋಗಿ ಬರ್ರಿ," ಎಂದಳು. ನಗುತ್ತಿದ್ದಳು. ನಾನು ಹೂಂ ಎನ್ನುವೆನೆಂದು ಅವಳಿಗೆ ಖಾತ್ರಿ ಇತ್ತು.

ಮೊದಲು ಹುಕ್ಕೇರಿಗೆ ಹೋದೆ. ಕೋಚ್‌ಳ ತಾಯಿಯ ಮನೆ ಇರುವ ಓಣಿಯ ತುದಿಯಲ್ಲಿ ಒಂದು ಚಹಾದಂಗಡಿ ಇತ್ತು. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ವರ ಕಡಿಯಿಂದ ಬಂದೀರೇನ್ರಿ? ಆಕಿ ಲಗ್ನದ ಸುದ್ದಿ ಬಿಟ್ಟು ಇಪ್ಪತ್ತು ವರ್ಷಾತು," ಎಂದ.

"ಲಗ್ನಕ್ಕಲ್ಲೋ ಮಾರಾಯಾ. ಒಂದು ಹುಡುಗೀನ್ನ ಆಕಿ ಕಡೆ ಆಟಕ್ಕ ಕಳಸೂದೈತಿ. ಹೆಂಗ ಆಕಿ?"

"ಆಟದ್ದು ನನಗೇನ್ ಗೊತ್ರಿ. ವರ್ಷಕ್ಕ ಒಮ್ಮೆ ಬರ್ತಾಳ, ಅವ್ವನ್ನ ದವಾಖಾನಿಗೆ ಕರ್ಕೊಂಡ್ ಹೋಗ್ತಾಳ, ಹೋಗ್ತಾಳ. ಯಾರ ಕೂಡಾನೂ ನಕ್ಕೋತ ಮಾತಾಡಾಂಗಿಲ್ಲ."

ಬಾಜೂ ಬೆಂಚಿನ ಮೇಲಿದ್ದ ಮುದುಕಿಯೊಬ್ಬಳು, "ಅಡಗೀನೂ ಬರಾಂಗಿಲ್ಲ ಅಂತಾರಪ್ಪಾ," ಎಂದಳು. "ಅಂಥಾಕಿ ಕೈಯಾಗ ಹುಡುಗೀನ್ನ ಕೊಟ್ರ ಏನ್ ಕಲಿಸ್ಯಾಳು?"

ಇದನ್ನೆಲ್ಲ ನಾನು ಗಂಭೀರವಾಗಿ ಕೇಳಿಸಿಕೊಂಡೆ. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಒಬ್ಬ ಕೋಚ್‌ನ ಯೋಗ್ಯತೆ ಅಳೆಯಲು ಹೋದವನು, ಅತ್ತೆಯೊಬ್ಬಳನ್ನು ಅಳೆಯುವ ಕೋಲು ಹಿಡಿದು ಹೋಗಿದ್ದೆ. ಮಾತು ಒರಟೇ, ದೇವರಿಗೆ ಹೋಗುತ್ತಾಳೆಯೇ, ಹಿರಿಯರನ್ನು ಕಂಡರೆ ತಲೆಬಾಗುತ್ತಾಳೆಯೇ. ಅವಳ ತಂಡ ಹೇಗೆ ಆಡುತ್ತದೆ, ಅವಳ ಹತ್ತಿರ ಹೋದ ಹುಡುಗಿಯರು ಏನಾಗಿ ಹೊರಬಂದರು ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ. ಆದರೂ ಅವಳ ಬಗ್ಗೆ ಒಂದೊಂದು ಸಣ್ಣ ಮಾತು ಬಂದಾಗಲೂ ನನಗೆ ಒಳಗೊಳಗೇ ಹಿತವಾಗುತ್ತಿತ್ತು. ಅದನ್ನೂ ಬರೆಯಲೇಬೇಕು.

ಕಣಗಲಾದಲ್ಲಿ ಮಾತ್ರ ಕೇಳಬೇಕಾದವಳು ಸಿಕ್ಕಳು. ಅವಳು ಆ ಕೋಚ್‌ಳ ಮೊದಲಿನ ತಂಡದಲ್ಲಿ ಎರಡು ವರ್ಷ ಆಡಿದ್ದಳು. ಮೊಣಕಾಲು ಕೆಟ್ಟು ಆಟ ಬಿಟ್ಟು, ಲಗ್ನವಾಗಿ, ಹೈವೇ ಹತ್ತಿರದ ಊರಲ್ಲಿ ಗಂಡನ ಜೊತೆ ಟೈರಿನ ಅಂಗಡಿ ನೋಡಿಕೊಂಡಿದ್ದಳು. ನಾನು ಹೋದಾಗ ಲಾರಿಯವನೊಬ್ಬನ ಜೊತೆ ಜಗಳವಾಡುತ್ತಿದ್ದಳು. ಅವನನ್ನು ಕಳಿಸಿ ನನಗೆ ಕುರ್ಚಿ ಹಾಕಿದಳು. ಕೋಚ್ ವಿಷಯ ಎತ್ತಿದ ಕೂಡಲೇ, "ಆಕಿ ಸುದ್ದಿ ತಗೀಬ್ಯಾಡ್ರಿ ಅಜ್ಜಾ, ತಗದ್ರ ಬೈಯಾಕ ಹೆಗಲ ಮ್ಯಾಗ ಬಂದು ಕುಂದ್ರತಾಳ," ಎಂದು ನಕ್ಕಳು.

ಅವಳು ಹೇಳಿದ್ದು ಇಷ್ಟು. ಕೋಚ್ ಬಹಳ ಕಟು. ಐದು ನಿಮಿಷ ತಡವಾದರೆ ಅಂದಿನ ಅಭ್ಯಾಸಕ್ಕೆ ಸೇರಿಸುವುದಿಲ್ಲ. ಹೊಗಳುವುದಂತೂ ಇಲ್ಲವೇ ಇಲ್ಲ. ಎಲ್ಲ ಹುಡುಗಿಯರೂ ಒಂದಲ್ಲ ಒಂದು ದಿನ ಅತ್ತವರೇ. ಎರಡನೆಯ ವರ್ಷ ತಂಡ ಫೈನಲ್‌ಗೆ ಹೋಯಿತು. ಅದಕ್ಕೆ ಮೊದಲಿನ ಪಂದ್ಯದಲ್ಲಿ ಇವಳ ಮೊಣಕಾಲು ತಿರುಚಿ ಬಾತುಕೊಂಡಿತ್ತು. ಇವಳು ಅದನ್ನು ಮುಚ್ಚಿಟ್ಟಿದ್ದಳು.

"ಇಂಜೆಕ್ಷನ್ ತಗೊಂಡು ಆಡಿದ್ರಾತು ಅಂತ ನಾನೂ ತಯಾರಿದ್ದೆ, ಮಾಲಕರ ಕಡೇವರೂ ತಯಾರಿದ್ರು. ಹೆಚ್ಚಿನ ಬುಟ್ಟಿ ನಾನ ಹಾಕಾಕಿ ಇದ್ದೆ ನೋಡ್ರಿ. ಅರ್ಧ ಆಟದಾಗ ಆಕೀ ಕಣ್ಣಿಗೆ ನನ್ನ ಕಾಲು ಬಿತ್ತು. ಹೊರಗ ಕರದಳು. ಕುಂದ್ರು ಅಂದಳು. ಆಡ್ತೇನಿ ಅಂದೆ. ಕುಂದ್ರು ಅಂದಳು. ಮಾಲಕರ ಮನುಷ್ಯಾ ಬಂದು ಕಿವ್ಯಾಗ ಹೇಳಿದ, ಆತನ್ನೂ ದೂರ ಸರಿಸಿದಳು. ಎರಡು ಪಾಯಿಂಟಿಗೆ ಸೋತ್ವಿ. ನಾನು ಆಕೀಗೆ ಬಾಯಿಗೆ ಬಂದಾಂಗ ಬೈದೆ. ಒಂದು ವರ್ಷ ಮಾತು ಬಿಟ್ಟೆ."

"ಆಮ್ಯಾಲೆ?"

"ಆಮ್ಯಾಲೇನ್ರಿ, ಆ ತಂಡದಾವರು ಆಕೀನ್ನ ತಗದು ಹಾಕಿದ್ರು. ಆಪರೇಶನ್ ಮಾಡಿದ ಡಾಕ್ಟರ್ ನನಗ ಹೇಳಿದ್ರು, ಆವತ್ತ ಇನ್ನ ಅರ್ಧ ತಾಸು ಆಡಿದ್ದಿಯಂದ್ರ ಜೀವನಪೂರ್ತಿ ಕೋಲು ಹಿಡೀತಿದ್ದಿ ಅಂತ. ಆಟ ಅಂತೂ ಹೋತ್ರಿ. ಆದ್ರ ಈಗ ನೋಡ್ರಿ, ಟೈರ್ ಎತ್ತತೇನಿ, ಮಾಳಿಗಿ ಹತ್ತತೇನಿ, ಮಗನ ಹಿಂದ ಓಡ್ತೇನಿ. ಇದು ಆಕೀ ಪುಣ್ಯಾ."

ನಾನು ಊಟದ ವಿಷಯವನ್ನೂ ಕೇಳಿದೆ. ತಂಡದಲ್ಲಿ ಒಬ್ಬಳು ಜೈನ ಹುಡುಗಿ ಇದ್ದಳಂತೆ. ಅಭ್ಯಾಸ ಎಷ್ಟೇ ಜೋರಿನಲ್ಲಿದ್ದರೂ ಕೋಚ್ ಹೊತ್ತು ನೋಡಿಕೊಂಡು, ಅವಳನ್ನು ಮೊದಲು ಬಿಟ್ಟು, ಅಡುಗೆಯವನಿಂದ ಗಡ್ಡೆ ಬಳಸದ ಊಟ ಹಾಕಿಸುತ್ತಿದ್ದಳಂತೆ. "ಆಕೀಗೆ ಒಂದು ನ್ಯಾಯ, ನಮಗೊಂದು ನ್ಯಾಯ ಅಂತ ನಾವು ಹೊಟ್ಟಿಕಿಚ್ಚ ಪಡ್ತಿದ್ವಿ," ಎಂದಳು. ನಾನು ಏಳುವಾಗ, "ಹುಡುಗೀನ್ನ ಕಳಸ್ರಿ ಅಜ್ಜಾ. ಅಳ್ತಾಳ. ಆದ್ರೂ ಕಳಸ್ರಿ," ಎಂದಳು.

ಬಸ್ಸಿನಲ್ಲಿ ಕೂತಾಗ ನನ್ನ ಹತ್ತಿರ ಉತ್ತರ ಇತ್ತು. ಹೊಗಳಿಕೆಗೆ ಯೋಗ್ಯಳು, ಪೇಪರಿನವರು ಹೊಗಳಿದ್ದಕ್ಕಿಂತ ಹೆಚ್ಚು ಯೋಗ್ಯಳು. ಅವರು ಹೊಗಳಿದ್ದು ಗೆದ್ದ ಪಂದ್ಯಗಳಿಗೆ. ಇದು ಅವಳು ಸೋತ ಪಂದ್ಯ, ಕೆಲಸವನ್ನೂ ಕಳೆದುಕೊಂಡ ಪಂದ್ಯ. ಹುಕ್ಕೇರಿ ದಾಟುವವರೆಗೆ ನಾನು ಹೂಂ ಎಂದೇ ಹೇಳುವವನಿದ್ದೆ. ಮೂಡಲಗಿಗೆ ಬಂದು ಇಳಿಯುವಷ್ಟರಲ್ಲಿ ಏನಾಯಿತೋ, ಇಷ್ಟು ವರ್ಷವಾದರೂ ನನಗೆ ಪೂರ್ತಿ ತಿಳಿದಿಲ್ಲ. ಹಳೆಯ ಸಿಟ್ಟು ಎಂದು ಹೇಳಿದರೆ ಸುಲಭವಾಗುತ್ತದೆ. ಸಿಟ್ಟು ಇತ್ತು. ಆದರೆ ಅದರ ಜೊತೆ ಇನ್ನೊಂದೂ ಇತ್ತು. ಹೂಂ ಎಂದರೆ ಹುಡುಗಿ ಹೋಗುತ್ತಾಳೆ, ಹೆಸರು ಕೋಚ್‌ಗೆ ಬರುತ್ತದೆ, ನನ್ನ ಕೆಲಸ ಅಂದಿಗೆ ಮುಗಿಯುತ್ತದೆ. ಊಂಹೂಂ ಎಂದರೆ ಒಂದು ದೊಡ್ಡ ಸಂಗತಿ ನನ್ನ ಮಾತಿಗೆ ನಿಲ್ಲುತ್ತದೆ. ನಿವೃತ್ತನಾದ ಮೇಲೆ ನನ್ನ ಮಾತಿಗೆ ಯಾವುದೂ ನಿಂತಿರಲಿಲ್ಲ.

ಅಂಗಡಿಯಲ್ಲಿ ಕೂತು ತಂದೆಗೆ ಹೇಳಿದೆ: "ಕಣಗಲಾದ ಹುಡುಗಿ ಆಕಿ ಕೈಯಾಗ ಎರಡು ವರ್ಷ ಆಡ್ಯಾಳ. ಫೈನಲ್‌ದಾಗ ಹೊರಗ ಕೂಡ್ರಿಸಿಬಿಟ್ಟಾಳ. ಆಡ್ತೇನಿ ಅಂದ್ರೂ ಬಿಟ್ಟಿಲ್ಲ. ಟೀಮ್ ಸೋತೈತಿ. ಆ ಹುಡುಗಿ ಮೊಣಕಾಲು ಆಪರೇಶನ್ ಆಗೇತಿ. ಆಟ ಹೋತು. ಈಗ ಟೈರ್ ಅಂಗಡ್ಯಾಗ ಅದಾಳ. ಆ ತಂಡದಾವರು ಈ ಕೋಚನ್ನ ತಗದು ಹಾಕ್ಯಾರ. ಹುಡುಗ್ಯಾರು ಎಲ್ಲಾರೂ ಅಳ್ತಾರಂತ."

ಒಂದು ಮಾತೂ ಸುಳ್ಳಲ್ಲ. ಬೇಕಾದರೆ ಕಣಗಲಾಕ್ಕೆ ಹೋಗಿ ಒಂದೊಂದನ್ನೇ ಕೇಳಿ ತಾಳೆ ನೋಡಬಹುದಿತ್ತು. ಮೊಣಕಾಲು ಕೆಟ್ಟಿದ್ದು ಮೊದಲು, ಕೂರಿಸಿದ್ದು ಆಮೇಲೆ. ಅದೊಂದು ಹಿಂದುಮುಂದನ್ನು ನಾನು ಹೇಳಲಿಲ್ಲ. ಪುಣ್ಯ ಎಂದ ಮಾತನ್ನು ಹೇಳಲಿಲ್ಲ. ಊಟದ ವಿಷಯ ತಂದೆ ಕೇಳಲಿಲ್ಲ, ಮೊಣಕಾಲಿನ ಸುದ್ದಿಗೇ ಅವನ ಮುಖ ಇಳಿದಿತ್ತು. ಕೇಳದ್ದಕ್ಕೆ ನಾನೂ ಬಾಯಿ ಬಿಡಲಿಲ್ಲ.

"ಅಂದ್ರ ನೀವು ಏನಂತೀರಿ ಕಾಕಾ?"

"ನಿನ್ನ ಮಗಳು, ನಿನಗ ಬಿಟ್ಟದ್ದಪ್ಪಾ," ಎಂದೆ. ಇದು ವಿಚಾರಿಸಲು ಹೋದವರು ಸಂಬಂಧ ಬೇಡ ಎನ್ನಲು ಬಳಸುವ ಮಾತು. ಅದು ನಮ್ಮ ಕಡೆ ಎಲ್ಲರಿಗೂ ಗೊತ್ತು.

ಮರುದಿನ ಹುಡುಗಿ ಗೋಕಾಕಕ್ಕೆ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕೂತಳು. "ಅಜ್ಜಾ, ಖರೆ ಏನ್ರಿ ಇದು? ಆ ಅಕ್ಕನ ಮೊಣಕಾಲು ಹೋಗಿದ್ದು?"

"ಖರೆ."

"ಆಪರೇಶನ್ ಆಗಿದ್ದು?"

"ಅದೂ ಖರೆ."

ಅವಳು ಬೇರೆ ಏನೂ ಕೇಳಲಿಲ್ಲ. ನಾನು ಅವಳ ಬುಟ್ಟಿಗಳನ್ನು ಎಣಿಸಿದವನು. ನನ್ನ ಮಾತನ್ನು ತಿರುವಿ ನೋಡಬೇಕು ಎಂದು ಅವಳಿಗೆ ಯಾಕೆ ಹೊಳೆಯಬೇಕು? ಅದೇ ವಾರ ಅವಳು ಕೋಚ್‌ಗೆ ಫೋನ್ ಮಾಡಿ ಬರುವುದಿಲ್ಲ ಎಂದಳು, ಬರುವುದಿಲ್ಲ ಎನ್ನುವುದಷ್ಟೇ ಅಲ್ಲದೆ ಇನ್ನೂ ಏನೇನೋ ಅಂದಳು ಎಂದು ಆಮೇಲೆ ತಿಳಿಯಿತು. ಮುಂದೆ ಕಾಲೇಜಿನ ಕೊನೆಯ ವರ್ಷದಲ್ಲಿ ಆಡುವುದನ್ನೇ ಬಿಟ್ಟಳು. ಆಡಿ ಮೊಣಕಾಲು ಕಳೆದುಕೊಳ್ಳುವುದಕ್ಕಿಂತ ಸುಮ್ಮನಿರುವುದು ಲೇಸು ಎಂದು ಮನೆಯಲ್ಲಿ ಎಲ್ಲರೂ ಅಂದರು. ಆ ಮಾತು ಓಣಿಯಿಂದ ಓಣಿಗೆ ಹೋಯಿತು. ಗೋಕಾಕದಲ್ಲಿ ಇನ್ನಿಬ್ಬರು ಹುಡುಗಿಯರ ತಾಯಂದಿರು ಅಂಕಣಕ್ಕೆ ಕಳಿಸುವುದನ್ನು ನಿಲ್ಲಿಸಿದರು. ರಜೆಯಲ್ಲಿ ಅಲ್ಲಿ ಈಗ ಸ್ಕೂಟರ್ ಕಲಿಯುವವರು ಸುತ್ತು ಹೊಡೆಯುತ್ತಾರೆ.

ಎರಡು ವರ್ಷ ನಾನು ಚೆನ್ನಾಗಿಯೇ ಉಂಡೆ, ಚೆನ್ನಾಗಿಯೇ ಮಲಗಿದೆ. ಪಶ್ಚಾತ್ತಾಪ ಕೂಡಲೇ ಬಂತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಮೂರನೆಯ ವರ್ಷ ನನ್ನ ಮೊಮ್ಮಗಳು ಮೊಬೈಲಿನಲ್ಲಿ ಒಂದು ಪಂದ್ಯ ಹಚ್ಚಿಕೊಟ್ಟಳು. ಆ ಕೋಚ್‌ಳ ತಂಡ, ಮೂಡಲಗಿಯ ಹುಡುಗಿಯನ್ನು ಕರೆದಿದ್ದ ಅದೇ ತಂಡ, ಆಡುತ್ತಿತ್ತು. ಆಟ ಮುಗಿಯಲು ನಾಲ್ಕು ನಿಮಿಷ ಇತ್ತು, ಇವಳ ತಂಡ ಒಂದು ಅಂಕ ಮುಂದಿತ್ತು. ಅವರ ಕಡೆಯ ಎತ್ತರದ ಹುಡುಗಿಯೊಬ್ಬಳು ಕೆಳಗೆ ಬಿದ್ದು ಎದ್ದಳು. ಸ್ವಲ್ಪ ಕುಂಟಿ, ಮತ್ತೆ ಓಡಿದಳು. ನನಗೆ ಏನೂ ಆಗಿಲ್ಲ ಎನಿಸಿತು. ಕೋಚ್ ಕೈ ಎತ್ತಿದಳು. ಹುಡುಗಿ ತಲೆ ಅಲ್ಲಾಡಿಸಿದಳು. ಕೋಚ್ ಗೆರೆಯವರೆಗೆ ಬಂದು ಖಾಲಿ ಕುರ್ಚಿಯನ್ನು ತೋರಿಸಿದಳು. ಹುಡುಗಿ ಸಿಟ್ಟಿನಿಂದ ಟವೆಲ್ ಬಿಸಾಡಿ ಕೂತಳು. ಕೋಚ್ ಆ ಟವೆಲ್ ಎತ್ತಿ ಅವಳ ಮೊಣಕಾಲಿನ ಕೆಳಗೆ ಮಡಚಿ ಇಟ್ಟು, ಮಂಜುಗಡ್ಡೆ ಹಾಕಿಸಿ, ಅಂಕಣದ ಕಡೆ ತಿರುಗಿದಳು. ನೋಡನೋಡುತ್ತಲೇ ತಂಡ ಸೋತಿತು. ಕಾಮೆಂಟರಿ ಹೇಳುವವನು ಇಂಗ್ಲಿಷಿನಲ್ಲಿ ಅವಳನ್ನು ಹಳಿಯುತ್ತಿದ್ದಾನೆ ಎಂಬಷ್ಟು ನನಗೆ ತಿಳಿಯಿತು.

ಆ ಕುರ್ಚಿಯಲ್ಲಿ ಮೂಡಲಗಿಯ ಹುಡುಗಿ ಇರಬೇಕಿತ್ತು ಎನಿಸಿತು. ಹಾಗೆ ಸಿಟ್ಟಿನಿಂದ ಟವೆಲ್ ಬಿಸಾಡುವುದಾದರೂ ಅವಳ ಪಾಲಿಗೆ ಬರಬೇಕಿತ್ತು. ಮೊಮ್ಮಗಳು, "ಅಜ್ಜಾ, ಯಾಕ ಅಳಾಕತ್ತೀರಿ, ಬರೇ ಮ್ಯಾಚ್ ಐತ್ರಿ," ಎಂದಳು.

ಆ ವರ್ಷದ ಕೊನೆಗೆ ಆ ತಂಡದವರೂ ಅವಳನ್ನು ಬಿಡಿಸಿದರು.

ನಾನು ಮೂಡಲಗಿಗೆ ಹೋಗಿ ತಂದೆಗೆ ಎಲ್ಲವನ್ನೂ ಹೇಳಿದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಗಿರಾಕಿಗೆ ಚೀಟಿ ಬರೆದು ಮುಗಿಸಿ, ಪೆನ್ನು ಕಿಸೆಗೆ ಸಿಕ್ಕಿಸಿ ಹೇಳಿದ: "ಕಾಕಾ, ಖರೆ ಹೇಳ್ಲೇನು? ನೀವು ಹೂಂ ಅಂತೀರೇನೋ ಅಂತ ನನಗ ಅಂಜಿಕಿ ಇತ್ತು. ಅಷ್ಟು ದೂರ ಕಳಸೂ ಮನಸ್ಸು ನನಗ ಇರಲಿಲ್ಲ. ಬ್ಯಾಡ ಅಂದ್ರ ಹುಡುಗಿ ನನ್ನ ಮ್ಯಾಗ ಸಿಟ್ಟಾಗ್ತಿದ್ಲು. ನಿಮ್ಮ ಮಾತು ಬಂತು, ಚಲೋ ಆತು. ಈಗ ಇದನ್ನ ಆಕಿ ಮುಂದ ತಗೀಬ್ಯಾಡ್ರಿ."

ನನ್ನ ತಪ್ಪಿನಲ್ಲಿ ಅರ್ಧ ಪಾಲು ಅವನು ತೆಗೆದುಕೊಂಡಂತಾಯಿತು. ಆದರೆ ನನ್ನ ಪಾಲು ಕಡಿಮೆಯಾಗಲಿಲ್ಲ. ಅವನು ಬೇಡ ಎಂದಿದ್ದರೆ ಹುಡುಗಿ ಜಗಳವಾಡುತ್ತಿದ್ದಳು, ಬಹುಶಃ ಗೆಲ್ಲುತ್ತಿದ್ದಳು. ನನ್ನ ಮಾತಿನ ಜೊತೆ ಜಗಳವಾಡಲು ಅವಳಿಗೆ ಏನೂ ಉಳಿದಿರಲಿಲ್ಲ.

ಹೇಳಬೇಡಿ ಎಂದರೂ ಹೇಳಲು ಹೋದೆ. ಹುಡುಗಿ ಈಗ ಘಟಪ್ರಭಾದ ಒಂದು ದವಾಖಾನೆಯಲ್ಲಿ ರೋಗಿಗಳ ಹೆಸರು ಬರೆದುಕೊಂಡು ಕೇಸ್‌ಪೇಪರ್ ಮಾಡಿಕೊಡುವ ಕೆಲಸದಲ್ಲಿದ್ದಾಳೆ. ಮನೆಗೆ ಹೋಗಿ ಹೊತ್ತು ಮುಳುಗುವ ಮೊದಲು ಉಣ್ಣಬೇಕೆಂದು ನಾಲ್ಕೂವರೆಯ ಬಸ್ ಹಿಡಿಯುತ್ತಾಳೆ. ಸ್ಟಾಪಿನ ಬೆಂಚಿನ ಮೇಲೆ ಅವಳ ಬಾಜೂ ಕೂತು, ಕಣಗಲಾದವಳು ಹೇಳಿದ್ದನ್ನು ಹೇಳಿದ ಹಾಗೆಯೇ, ಮೊದಲಿನದು ಮೊದಲು, ಆಮೇಲಿನದು ಆಮೇಲೆ, ಹೇಳಿ ಮುಗಿಸಿದೆ. ಯಾಕೆ ಮುಚ್ಚಿಟ್ಟೆ ಎಂದೂ ತಿಳಿದಷ್ಟು ಹೇಳಿದೆ.

ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರುಗಳು ಒಂದರ ಹಿಂದೊಂದು ಹೋಗುತ್ತಿದ್ದವು.

"ಆ ಅಕ್ಕ ಈಗ ನಡೀತಾಳೇನ್ರಿ?" ಎಂದಳು.

"ಓಡ್ತಾಳ."

"ನಾನು ಮೇಡಂಗ ಫೋನಿನ್ಯಾಗ ಏನಂದೆ ಗೊತ್ತೈತೇನ್ರಿ ಅಜ್ಜಾ? ಹುಡುಗ್ಯಾರ ಕಾಲು ಮುರದು ಹೊಟ್ಟಿ ತುಂಬಸ್ಕೋತೀರಿ ಅಂದೆ. ಅವರು ಒಂದು ಮಾತೂ ತಿರುಗಿ ಅನ್ನಲಿಲ್ಲ." ಚೀಲದಿಂದ ಮೊಬೈಲ್ ತೆಗೆದು ನಂಬರ್ ಹುಡುಕಿದಳು. ಮೂರು ವರ್ಷ ಅದನ್ನು ಅಳಿಸಿರಲಿಲ್ಲ. "ನೀವ ಮಾತಾಡ್ರಿ," ಎಂದು ನನ್ನ ಕೈಗೆ ಕೊಟ್ಟಳು. ಸ್ಪೀಕರ್ ಹಚ್ಚಿದ್ದಳು.

ಕೋಚ್ ಫೋನ್ ಎತ್ತಿದಳು. ಗೋಕಾಕದ ಶಾಲೆಯ ಗುಮಾಸ್ತ ಎಂದೆ. "ಹೇಳ್ರಿ," ಎಂದಳು. ಹೇಳಿದೆ. ಟ್ರಾಕ್ಟರುಗಳ ಗದ್ದಲದಲ್ಲಿ ಎರಡು ಸಲ ಹೇಳಬೇಕಾಯಿತು, ನನ್ನ ತಪ್ಪು ಎಂಬ ಮಾತನ್ನು ಕೂಗಿ ಹೇಳಬೇಕಾಯಿತು. ಸ್ಟಾಪಿನಲ್ಲಿದ್ದ ಜನ ತಿರುಗಿ ನೋಡಿದರು. ಅವಳು ನನ್ನನ್ನು ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ.

"ಹುಡುಗಿ ಆಡಾಕತ್ತಾಳೇನು?" ಎಂದು ಕೇಳಿದಳು.

"ಇಲ್ಲ. ಬಿಟ್ಟು ಎರಡೂವರೆ ವರ್ಷ ಆತು."

"ಓಡೂದು, ವ್ಯಾಯಾಮ?"

ಹುಡುಗಿ ಇಲ್ಲ ಎಂದು ತಲೆಯಾಡಿಸಿದಳು. "ಇಲ್ಲಂತ್ರಿ," ಎಂದೆ.

"ಬಾಜೂಕ ಅದಾಳೇನು ಆಕಿ?"

"ಅದಾಳ. ಕೇಳಾಕತ್ತಾಳ."

ಆಮೇಲೆ ಅವಳ ದನಿ ನನ್ನನ್ನು ಬಿಟ್ಟು ಹುಡುಗಿಯ ಕಡೆ ತಿರುಗಿತು. "ತಂಗಿ, ನಿನಗ ಸುಳ್ಳು ಹೇಳಾಂಗಿಲ್ಲ. ಆವಾಗ ಬಂದಿದ್ದಿ ಅಂದ್ರ ನೀ ದೇಶಕ್ಕ ಆಡ್ತಿದ್ದಿ ಅಂತ ನನಗ ಅನಸಿತ್ತು. ಈಗ ಆಗಾಂಗಿಲ್ಲ. ಆ ವಯಸ್ಸಿನ್ಯಾಗ ಮೂರು ವರ್ಷ ಹೋದ್ರ ತಿರುಗಿ ಬರಾಂಗಿಲ್ಲ. ನಾ ಟೀಮ್ ಇಟ್ಕೊಂಡು ಕುಂತಿದ್ರೂ ಇದನ್ನ ಹೇಳ್ತಿದ್ದೆ. ಈಗಂತೂ ನನ್ನ ಕೈಯಾಗ ಟೀಮೂ ಇಲ್ಲ."

"ಹೌದ್ರಿ ಮೇಡಂ," ಎಂದಳು ಹುಡುಗಿ. "ಅವತ್ತ ನಾ ಹಂಗ ಅನ್ನಬಾರದಿತ್ರಿ."

"ಒಂದು ಹುಡುಗಿ ಕಾಲು ಹೋತಂತ ನಿನಗ ಸಿಟ್ಟು ಬಂದಿತ್ತು. ಬರಬೇಕಾದ್ದ ಅದು." ಅಷ್ಟು ಹೇಳಿ, ತಾಯಿಗೆ ಔಷಧ ಕೊಡುವ ಹೊತ್ತಾಯಿತೆಂದು ಫೋನ್ ಇಟ್ಟಳು.

ಆಗುತ್ತದೆ, ನೋಡೋಣ, ಪ್ರಯತ್ನ ಮಾಡು ಎಂದು ಯಾರಾದರೂ ಹೇಳುತ್ತಿದ್ದರು. ನಾನಂತೂ ಖಂಡಿತ ಹೇಳುತ್ತಿದ್ದೆ. ಹುಡುಗಿ ಇನ್ನೂ ಎರಡು ವರ್ಷ ಆ ಆಸೆಯಲ್ಲಿ ಕಳೆಯುತ್ತಿದ್ದಳು. ನಾನು ಹಾಳು ಮಾಡಿದ್ದನ್ನು ನನ್ನೆದುರಿಗೇ, ನಾನು ಹಿಡಿದುಕೊಂಡಿದ್ದ ಫೋನಿನಲ್ಲೇ, ಮುಗಿಯಿತು ಎಂದು ಕೋಚ್ ಹೇಳಬೇಕಾಯಿತು. ಆ ಕೆಲಸವನ್ನೂ ನಾನು ಅವಳಿಂದಲೇ ಮಾಡಿಸಿದೆ.

ಹುಡುಗಿ ಅಳಲಿಲ್ಲ. ನನ್ನ ಕೈಯಿಂದ ಮೊಬೈಲ್ ತೆಗೆದುಕೊಂಡು ಸೆರಗಿನಿಂದ ಒರೆಸಿ ಚೀಲದಲ್ಲಿ ಹಾಕಿದಳು. ಏನಾದರೂ ಬೈಯಲಿ ಎಂದು ಕಾದೆ. ಮೂಡಲಗಿಯ ಬಸ್ ಬಂತು.

"ಗೋಕಾಕ ಬಸ್ ಆ ಕಡೆ ನಿಲ್ಲತೈತ್ರಿ," ಎಂದಳು. ಈ ಸಲ ಅಜ್ಜಾ ಎನ್ನಲಿಲ್ಲ. ಎತ್ತರದ ಹುಡುಗಿ ಬಸ್ಸಿನ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಹೋದಳು. ನಿಂತುಕೊಂಡೇ ಹೋಗಬೇಕಾದಷ್ಟು ಜನ ತುಂಬಿದ್ದರು. ಕಿಟಕಿಗಳ ಮೇಲಿನ ಅಂಚು ಅವಳ ಮುಖವನ್ನು ಮುಚ್ಚಿತ್ತು. ಸೀಟಿನ ಹಿಂದಿನ ಕಂಬಿಯನ್ನು ಹಿಡಿದ ಅವಳ ಕೈ ಮಾತ್ರ ಬಸ್ ತಿರುಗುವವರೆಗೆ ಕಾಣುತ್ತಿತ್ತು.